ಗ್ರೀಕನಿಗೆ ಕೊಟ್ಟ ಮುತ್ತು

ಪೆರ್ಪಿನ್ಯಾ ಊರಿನ ನಮ್ಮ ಯೆಹೂದಿ ಕೇರಿಯಲ್ಲಿ ಆ ವಾರ ಯಾರ ಮನೆಯ ಬಾಗಿಲು ತಟ್ಟಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಇಪ್ಪತ್ತೈದು ತುಂಬದವರು ಗ್ರೀಕರ ತತ್ತ್ವಶಾಸ್ತ್ರ ಓದಿದರೆ ಬಹಿಷ್ಕಾರ ಎಂಬ ಕಟ್ಟಳೆ ಬಾರ್ಸೆಲೋನಾದ ನಮ್ಮ ಧರ್ಮಗುರುಗಳಿಂದ ಬಂದಿತ್ತು. ಬಹಿಷ್ಕಾರವಾದವನ ಜೊತೆ ಯಾರೂ ಉಣ್ಣುವುದಿಲ್ಲ, ಅವನಿಗೆ ಹೆಣ್ಣು ಕೊಡುವುದಿಲ್ಲ. ನನ್ನ ತಮ್ಮ ದುರಾನನಿಗೆ ಇಪ್ಪತ್ತೆರಡು. ತಬ್ಬಲಿಯನ್ನು ಎತ್ತಿ ಸಾಕಿದವಳು ನಾನು. ಅವನೋ ಊಟಕ್ಕೆ ಕೂತಾಗಲೂ ಗ್ರೀಕನ ಪುಸ್ತಕ ಕೆಳಗಿಡದ ಭೂಪ.

ಗುರುವಾರ ವಿದಾಲ್ ಮಾವ ಬಂದರು. ನಮ್ಮಮ್ಮನ ತಮ್ಮ, ಕೇರಿಯ ಹಿರಿಯರು; ಶನಿವಾರ ಪ್ರಾರ್ಥನಾಮಂದಿರದಲ್ಲಿ ಕಟ್ಟಳೆ ಓದಬೇಕಾದವರೂ ಅವರೇ. ಕೂರದೆ, ಮೇಜಿನ ಮೇಲಿನ ಪುಸ್ತಕಗಳನ್ನು ಎತ್ತೆತ್ತಿ ನೋಡತೊಡಗಿದರು. ಎಲ್ಲವೂ ಹೀಬ್ರೂ ಅಕ್ಷರದವೇ. ಅನುವಾದವಾಗಿ ಗ್ರೀಕನೂ ಈಗ ನಮ್ಮ ಭಾಷೆಯಲ್ಲೇ ಮಾತಾಡುತ್ತಾನಲ್ಲ, ದರಿದ್ರದವನು. ಗಮನ ತಪ್ಪಿಸಲು ಊಟ ಬಡಿಸಲೇ ಎಂದು ಕೇಳಿದೆ.

ಒಂದು ಪುಸ್ತಕ ಮಾವನ ಕೈಜಾರಿ ನೆಲಕ್ಕೆ ಬಿತ್ತು. ದುರಾನ್ ಥಟ್ಟನೆ ಬಗ್ಗಿ, ಎತ್ತಿ, ಮುತ್ತಿಟ್ಟ. ಬಿದ್ದ ಧರ್ಮಗ್ರಂಥಕ್ಕೆ ನಾವು ಹಾಗೆ ಮಾಡುತ್ತೇವೆ, ತೊದಲುವ ಮಕ್ಕಳೂ ಮಾಡುತ್ತವೆ. ಮಾವನ ಮುಖ ಸಡಿಲವಾಯಿತು. ಯಾವ ಗ್ರಂಥ ಎಂದು ಇಸಿದುಕೊಂಡು ತೆರೆದರು. ಅದು ಗ್ರೀಕನದು; ಓದುತ್ತಿದ್ದಂತೆ ಬಿಳಿಚಿಕೊಂಡರು.

"ಓದಿದ್ರೆ ಬೈದು ಬಿಟ್ಬಿಡ್ತಿದ್ದೆ ಕಣೋ. ಇದಕ್ಕೆ ಮುತ್ತಿಟ್ಯಲ್ಲ."

ಅಭ್ಯಾಸಬಲ ಎಂದು ನಾನು ಅಡ್ಡ ಬಂದೆ. ಆ ಹಟಮಾರಿ ನನ್ನ ಮಾತು ಹಿಡಿದುಕೊಂಡು ತಪ್ಪಿಸಿಕೊಳ್ಳಬಹುದಿತ್ತು.

"ಲೋಕಕ್ಕೆ ಮೂಲ ಒಬ್ಬನೇ ಅಂತ ಇದ್ರಲ್ಲೂ ಇದೆ, ಮಾವ. ನಾವು ದಿನಾ ಹೇಳೋದೂ ಅದೇ ತಾನೆ?"

"ನಮ್ಮವನು ಕೂಗಿದ್ರೆ ಕೇಳಿಸ್ಕೋತಾನೆ. ನಿನ್ನ ಗ್ರೀಕನ ದೇವ್ರು ಕೇಳಿಸ್ಕೋತಾನೇನೋ?"

ಮಾವ ಆ ಪುಸ್ತಕದ ಮೇಲೆ ನಮ್ಮ ಧರ್ಮಗ್ರಂಥವನ್ನಿಟ್ಟು, ತಾನೇನೂ ನೋಡಿಲ್ಲ, ಆದರೆ ಶನಿವಾರ ದುರಾನ್ ಎಲ್ಲರ ಜೊತೆ ಕಟ್ಟಳೆಗೆ ಆಮೆನ್, ಅಂದರೆ ಹಾಗೇ ಆಗಲಿ ಎಂದು, ಹೇಳಲೇಬೇಕು, ಹುಡುಗರ ಬಾಯಿ ನೋಡಲೆಂದೇ ಹಿರಿಯರು ನಿಂತಿರುತ್ತಾರೆ ಎಂದು ಹೇಳಿ ಹೋದರು. ಹೇಳುವುದಿಲ್ಲ ಎಂದ ದುರಾನ್. ಅವನ ಕಾಲು ಹಿಡಿದು ಗೋಗರೆದೆ. ಜಗ್ಗಲಿಲ್ಲ.

ಶನಿವಾರ ಹೆಂಗಸರ ಕೋಣೆಯ ಕಿಂಡಿಗೆ ಮುಖವೊತ್ತಿ ನಿಂತೆ. ಗ್ರೀಕರನ್ನು ಓದುವ ಹುಡುಗನಿಗೆ ಶಾಪ ತಟ್ಟಲಿ ಎಂದು ಮಾವ ಓದಿ ಮುಗಿಸಿದರು. ಎಲ್ಲರೂ ಆಮೆನ್ ಎಂದರು. ದುರಾನನ ತುಟಿ ಬಿಗಿದೇ ಇತ್ತು. ಹಿರಿಯನೊಬ್ಬ ಅವನತ್ತ ಕತ್ತು ಹೊರಳಿಸುತ್ತಿದ್ದ.

"ಆಮೆನ್!" ಎಂದು ಗಂಟಲು ಹರಿಯುವಂತೆ ಕಿರುಚಿದೆ.

ಮಂದಿರವೆಲ್ಲ ಕಿಂಡಿಯತ್ತ ತಿರುಗಿತು. ತಮ್ಮನನ್ನು ಯಾರೂ ನೋಡಲಿಲ್ಲ. ಅವನು ಉಳಿದ.

ಆದರೆ ನಮ್ಮ ದೇವರು ಕೂಗಿದರೆ ಕೇಳಿಸಿಕೊಳ್ಳುತ್ತಾನೆ ಎಂದಿದ್ದರು ಮಾವ; ಆ ಶಾಪ ತಟ್ಟಲಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಇಂದಿಗೂ ದುರಾನ್ ಒಮ್ಮೆ ಕೆಮ್ಮಿದರೆ ಸಾಕು, ನನ್ನ ಕೈಕಾಲು ತಣ್ಣಗಾಗುತ್ತವೆ.