ಸಂತೆಯಿಂದ ತಂದ ಕುರಿ

ನಮ್ಮ ಅತ್ತೆ ಪುಟ್ಟಗೌರಮ್ಮ ನನಗೆ ಒಂದು ಮಾತೂ ಬೈದವರಲ್ಲ. ಬೈದಿದ್ದರೆ ತಿರುಗಿ ಬೈದು ಹಗುರವಾಗುತ್ತಿದ್ದೆ, ಅಷ್ಟು ಬಾಯಿ ನನಗಿದೆ. ನನ್ನ ಗಂಡ ಬೀರೇಶ್ ತೀರಿಕೊಂಡ ಮೇಲೆ ಅವರು ಮಾಡಿದ್ದು ಒಂದೇ, ನನ್ನನ್ನು ಕುರಿ ಕೂಡುವ ರೊಪ್ಪದೊಳಕ್ಕೆ ಬಿಡುವುದನ್ನು ನಿಲ್ಲಿಸಿದರು. ನಾನು ತೊಳಸಿದ ಮುದ್ದೆ ಉಣ್ಣುತ್ತಾರೆ, ನಾನು ಹಾಸಿದ ಚಾಪೆಯಲ್ಲಿ ಮಲಗುತ್ತಾರೆ. ರೊಪ್ಪದ ತಡಿಕೆ ಮಾತ್ರ ನಾನು ದಾಟುವಂತಿಲ್ಲ. ಕುರಿ ಸಾಕುವ ಮನೆಯ ಸೊಸೆಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಕಾರಣವನ್ನು ಅವರು ಪಕ್ಕದ ಮನೆಯವಳಿಗೆ ಹೇಳುವಾಗ ಕೇಳಿಸಿಕೊಂಡೆ.

"ಸಂತೇಲಿ ತಂದ ಕುರಿ ನೋಡಿಲ್ವಾ? ಅದು ರೋಗ ತಂದು ತಾನ್ ಮಾತ್ರ ಗುಂಡ್ಗೆ ಮೇಯ್ಕಂಡಿರ್ತದೆ. ಮೊದ್ಲಿಂದ ರೊಪ್ಪದಲ್ಲಿರೋವು ಒಂದೊಂದೇ ಮಲಗ್ತವೆ."

ಆ ಕುರಿ ನಾನು. ನನಗೂ ಬೀರೇಶನಿಗೂ ಎಚ್‌ಐವಿ ಇರುವುದು ಗೊತ್ತಾಗಿದ್ದು ಒಂದೇ ವಾರದಲ್ಲಿ. ಅವನಿಗೆ ಆಗಲೇ ಟಿ.ಬಿ. ಮೆದುಳಿಗೆ ಏರಿತ್ತು, ಮಾತ್ರೆ ಹಿಡಿಯುವ ಮೊದಲೇ ಹೋದ. ನನಗೆ ಒಂದು ಕೆಮ್ಮೂ ಇರಲಿಲ್ಲ. ಬಿಡದಿಯ ಕಾರ್ಖಾನೆಗಳಿಗೆ ವ್ಯಾನ್ ಓಡಿಸುತ್ತಿದ್ದವನು, ಇದು ಮದುವೆಗೆ ಮುಂಚಿನದು, ನನ್ನಿಂದಲೇ ನಿನಗೆ ಬಂದದ್ದು ಎಂದು ಆಸ್ಪತ್ರೆಯ ಮಂಚದಲ್ಲಿ ನನ್ನೊಬ್ಬಳ ಹತ್ತಿರ ಒಪ್ಪಿಕೊಂಡಿದ್ದ. ತಾಯಿಯ ಮುಂದೆ ಬಾಯಿ ಬಿಡಲಿಲ್ಲ. ಸತ್ತವನ ಹೆಸರು ಕೆಡಿಸಿ ನಾನು ಒಳ್ಳೆಯವಳಾಗಬೇಕೇ ಎಂದು ನಾನೂ ಸುಮ್ಮನಿದ್ದೆ. ಒಳಗೆ ಸಿಟ್ಟಿತ್ತು, ಅವನ ಮೇಲೂ, ಸುಮ್ಮನಿದ್ದ ನನ್ನ ಮೇಲೂ.

ಮೊನ್ನೆ ಮಾತ್ರೆಗೆಂದು ರಾಮನಗರಕ್ಕೆ ಹೋದಾಗ ಡಾಕ್ಟರ್ ಶೀಬಾ ನನ್ನನ್ನು ಕೂರಿಸಿಕೊಂಡರು. ಮಾತ್ರೆ ಶುರುವಾಗುವ ಮೊದಲು ತೆಗೆದ ನನ್ನ ರಕ್ತವನ್ನು, ನನ್ನನ್ನು ಕೇಳಿಯೇ, ಒಂದು ಸಂಶೋಧನೆಗೆ ಕಳಿಸಿದ್ದರು.

"ನಿಮ್ಮೊಳಗೆ ಇನ್ನೊಂದು ವೈರಸ್ ಇತ್ತು ಕುಸುಮ," ಎಂದರು.

ಒಂದು ಸಾಲದೆಂದು ಇನ್ನೊಂದೇ?

"ಹೆದರ್ಬೇಡಿ. ಪೆಗಿವೈರಸ್ ಅಂತ, ಅದೇನೂ ಕೆಡುಕು ಮಾಡಲ್ಲ. ಅದು ಇದ್ದವರಲ್ಲಿ ಎಚ್‌ಐವಿ ನಿಧಾನಕ್ಕೆ ಬೆಳೆಯುತ್ತೆ ಅಂತ ಕೆಲವು ಅಧ್ಯಯನ ಹೇಳ್ತವೆ, ಇನ್ನು ಕೆಲವು ಇಲ್ಲ ಅಂತವೆ. ನೀವು ಅಷ್ಟು ವರ್ಷ ಚೆನ್ನಾಗಿದ್ದುದಕ್ಕೆ ಇದೂ ಒಂದು ಕಾರಣ ಇರಬಹುದು. ಇರಬಹುದು, ಅಷ್ಟೇ. ಮಾತ್ರೆ ಮಾತ್ರ ಬಿಡಬೇಡಿ."

ಬಸ್ಸಿನುದ್ದಕ್ಕೂ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದೆ. ಅತ್ತೆಗೆ ಕೊಡಲು ಕೊನೆಗೂ ಒಂದು ಉತ್ತರ ಸಿಕ್ಕಿತ್ತು, ಅದೂ ಬೀರೇಶನ ಹೆಸರೆತ್ತದೆ. ಆ "ಇರಬಹುದು" ಒಂದನ್ನು ಬಸ್ಸಿನಲ್ಲೇ ಬಿಟ್ಟು ಇಳಿದುಬಿಡಲೇ ಎಂದೂ ಅನ್ನಿಸಿತು.

ಮನೆಗೆ ಬಂದಾಗ ಅತ್ತೆ ರೊಪ್ಪದಲ್ಲಿ ಒಂದು ಮರಿ ಎತ್ತಿಕೊಂಡು ನಿಂತಿದ್ದರು. ನಾನು ತಡಿಕೆಯ ಈಚೆಯಿಂದಲೇ ಶುರು ಮಾಡಿದೆ.

"ನಾನ್ಯಾಕೆ ಮಲಗ್ನಿಲ್ಲ ಅಂತ ಡಾಕ್ಟ್ರು ಹೇಳುದ್ರು ಅತ್ತೆ."

ಡಾಕ್ಟರು ಹೇಳಿದ್ದೆಲ್ಲವನ್ನೂ ಹೇಳಿದೆ. "ಇರಬಹುದು" ಎಂಬುದನ್ನೂ ಹೇಳಿದೆ, ಬಿಡಲು ಮನಸ್ಸಾಗಲಿಲ್ಲ. ಅವರು ಮರಿಯನ್ನು ಕೆಳಗಿಡದೆ ಕೇಳಿಸಿಕೊಂಡರು.

"ಆ ಒಳ್ಳೇದು ಎಂಗ್ ಬತ್ತದಮ್ಮಿ?" ಎಂದರು.

"ಕೆಟ್ಟದ್ದು ಬಂದಂಗೇ. ರಕ್ತದಲ್ಲಿ, ಗಂಡ ಹೆಂಡ್ತಿ ಕೂಡ್ದಾಗ."

ಅವರು ಮರಿಯನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಅವ್ನ್ ತವ ಇದ್ದುದ್ನ ನಿಂಗೆ ಕೊಟ್ಟ. ನಿನ್ ತವ ಇದ್ದುದ್ನ ನೀನ್ಯಾಕಮ್ಮಿ ಅವ್ನಿಗೆ ಕೊಡ್ನಿಲ್ಲ?"

ಡಾಕ್ಟರನ್ನು ನಾನು ಇದನ್ನು ಕೇಳಿಯೇ ಇರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ, ಬಸ್ಸಿನಲ್ಲಿ ಕೂತು ನನ್ನ ಮರ್ಯಾದೆಯ ಬಗ್ಗೆಯೇ ಯೋಚಿಸಿದ್ದೆ. ಅದು ಅವನಿಗೆ ಹೋಗಲೇ ಇಲ್ಲವೋ, ಹೋದರೂ ನಿಲ್ಲಲಿಲ್ಲವೋ, ಯಾರು ಬಲ್ಲರು?

"ಕೊಡೋದು ನನ್ ಕೈಲಿದ್ದಿದ್ರೆ ಕೊಟ್ಬುಡ್ತಿದ್ದೆ ಅತ್ತೆ," ಎಂದೆ. ತಡಿಕೆ ಹಿಡಿದುಕೊಂಡು ಅಳತೊಡಗಿದೆ. ಅವನು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಅಳುತ್ತಿರುವಾಗಲೇ ಅವರ ಮಾತಿನ ಮೊದಲ ಭಾಗ ತಲೆಗೆ ಹೋಯಿತು. ನಿಂಗೆ ಕೊಟ್ಟ ಎಂದಿದ್ದರು. ಮುಖ ಎತ್ತಿ ನೋಡಿದೆ. ತಾವು ಏನಂದೆವೆಂದು ಅವರಿಗೂ ಗೊತ್ತಾಗಿತ್ತು.

"ನಂಗೊತ್ತಿತ್ತು ಕಣಮ್ಮಿ," ಎಂದರು. "ಹೆತ್ತೋಳ ಬಾಯಿಗೆ ಬರ್ನಿಲ್ಲ."

ಸೆರಗಿನಲ್ಲಿ ಮೂಗು ಒರೆಸಿಕೊಂಡು ತಡಿಕೆ ಸರಿಸಿದರು. ಮರಿಯನ್ನು ನನ್ನ ಕೈಗೆ ಹಾಕಿದರು.

"ಇದ್ರವ್ವ ಆ ಮೂಲೇಲೈತೆ. ಕುಡುಸ್ಕಂಡ್ ಬಾ. ಒದಿತದೆ, ಒಸಿ ಉಷಾರು."