ಲುವೇಜಿಯ ಸಾಲು

ಆ ಕತೆ ಶುರುವಾಗುತ್ತಲೇ ಉಷಾ ತಲೆ ತಗ್ಗಿಸಿ ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಹ್ಯಾಮಿಲ್ಟನ್ನಿನ ಚರ್ಚಿನಲ್ಲಾಗಲಿ, ಥಾರ್ನ್‌ಹಿಲ್ಲಿನ ಯಾರದೋ ಮನೆಯ ಪ್ರಾರ್ಥನಾ ಕೂಟದಲ್ಲಾಗಲಿ, ಅವಳ ಗಂಡ ಡಾಕ್ಟರ್ ಚಂದ್ರಮೋಹನ ಅದನ್ನು ಒಂದೇ ರೀತಿ ಹೇಳುತ್ತಿದ್ದ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನೀರು ಕುಡಿಯಬೇಕು ಎಂಬುದೂ ಬದಲಾಗುತ್ತಿರಲಿಲ್ಲ. ಜೂನ್ ತಿಂಗಳ ಈ ಭಾನುವಾರ ಮಾತ್ರ ಆ ಕತೆ ಬರುವುದಿಲ್ಲವೆಂದು ಅವಳು ನಂಬಿದ್ದಳು. ಬೆಳಿಗ್ಗೆ ಟೊರಾಂಟೋ ಪಕ್ಕದ ಎರಿನ್ ಮಿಲ್ಸಿನ ಮನೆಯಲ್ಲಿ ಮಗನ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಅವನೇ ಹೇಳಿದ್ದ.

“ಇವತ್ತ ಹೇಳಿಬಿಡ್ತೀನಿ ಉಷಾ. ನಾವು ವಾಪಸ್ ಹೋಗಂಗಿಲ್ಲ ಅಂತ.”

“ಖಂಡಿತಾನಾ?”

“ಖಂಡಿತ. ಮೊದಲ ಹೊನ್ನಪ್ಪಗ ಹೇಳಿದ್ರ ತಲಿ ತಿಂತಾನ. ಸೀದಾ ಮೈಕಿನ್ಯಾಗ ಹೇಳ್ತೀನಿ.”

ಹೊನ್ನಪ್ಪ ನಾರ್ತ್ ಯಾರ್ಕಿನ ಕನ್ನಡ ಕ್ರೈಸ್ತ ಕೂಟದ ಕಾರ್ಯದರ್ಶಿ. ಯಂಗ್ ಸ್ಟ್ರೀಟಿನ ಪಕ್ಕದ ಹಳೆಯ ಚರ್ಚೊಂದರ ಹಾಲನ್ನು ಬಾಡಿಗೆಗೆ ಹಿಡಿದು ತಿಂಗಳಿಗೊಮ್ಮೆ ಸೇರುವ ಈ ಕೂಟವೇ ಚಂದ್ರಮೋಹನನ ಕುಟುಂಬವನ್ನು ಆಫ್ರಿಕಾಕ್ಕೆ ಕಳಿಸಿಕೊಟ್ಟಿತ್ತು. ಅವನು ಬೆಟಗೇರಿಯವನು, ಅಲ್ಲಿಯ ಮಿಷನ್ ಆಸ್ಪತ್ರೆಯಲ್ಲಿ ಅವನ ಅಜ್ಜ ಕಂಪೌಂಡರ್ ಆಗಿದ್ದ. ಉಷಾ ಮೈಸೂರಿನವಳು, ನರ್ಸು. ಇಬ್ಬರೂ ಕೆನಡಾದಲ್ಲಿ ಪರೀಕ್ಷೆಗಳನ್ನೆಲ್ಲ ಮುಗಿಸಿ, ಕೈಗೆ ಕೆಲಸ ಸಿಕ್ಕಿ, ಜನ ಮನೆ ಕೊಳ್ಳುವ ವಯಸ್ಸಿನಲ್ಲಿ, ಎರಡು ವರ್ಷದ ಮಾನ್ಯಾಳನ್ನು ಎತ್ತಿಕೊಂಡು ಜಾಂಬಿಯಾದ ವಾಯವ್ಯ ಮೂಲೆಯ ಲುವೇಜಿ ಮಿಷನ್ ಆಸ್ಪತ್ರೆಗೆ ಹೋದರು. ಅದು 2014ರಲ್ಲಿ. ಮರುವರ್ಷ ಅಲ್ಲೇ ತೇಜಸ್ವಿ ಹುಟ್ಟಿದ.

ಮಕ್ಕಳು ಅಲ್ಲಿ ಚೆನ್ನಾಗಿಯೇ ಬೆಳೆದರು ಎಂಬುದು ಸುಳ್ಳಲ್ಲ. ಕಾಯಿಸಿ ಆರಿಸಿದ ನೀರು, ರಾತ್ರಿ ಸೊಳ್ಳೆ ಪರದೆ, ಬೆಳಿಗ್ಗೆ ಜಗಲಿಯ ಮೇಲೆ ಅಮ್ಮನಿಂದ ಪಾಠ, ಮಧ್ಯಾಹ್ನ ಸೀಬೆ ಮರ. ಮೂರು ವರ್ಷಕ್ಕೇ ತೇಜಸ್ವಿ ಅಡುಗೆಯವಳ ಹತ್ತಿರ ಅವಳ ಭಾಷೆಯಲ್ಲಿ, ಅಕ್ಕನ ಹತ್ತಿರ ಇಂಗ್ಲಿಷಿನಲ್ಲಿ, ಅಪ್ಪನ ಹತ್ತಿರ ಬೆಟಗೇರಿ ಕನ್ನಡದಲ್ಲಿ ಜಗಳವಾಡುತ್ತಿದ್ದ. ಈಗ ಅವನಿಗೆ ಹತ್ತು ವರ್ಷ. ಒಂದು ಮಾತೂ ಇಲ್ಲ. ಕಾಲು ಎಳೆದು ನಡೆಯುತ್ತಾನೆ. ಯಾವ ಗಳಿಗೆಯಲ್ಲಿ ಬೇಕಾದರೂ ಫಿಟ್ಸ್ ಬಂದು ಬಿದ್ದುಬಿಡುತ್ತಾನೆ; ಹೆಲ್ಮೆಟ್ಟು ಅದಕ್ಕೆ.

ಒಂದು ವರ್ಷದ ರಜೆಗೆಂದು ಟೊರಾಂಟೋಗೆ ಬಂದ ಮೇಲೆ ದೊಡ್ಡ ಆಸ್ಪತ್ರೆಯ ತಜ್ಞರು ಅವನನ್ನು ನೋಡಿದರು. ಮೂರನೆಯ ಔಷಧವೂ ಹಿಡಿಯಲಿಲ್ಲ. ಉಳಿದದ್ದು ಒಂದು ದಾರಿ, ಕಟ್ಟುನಿಟ್ಟಿನ ಪಥ್ಯ. ಅನ್ನ, ಹಿಟ್ಟು ಬಹುತೇಕ ಇಲ್ಲ. ಎಣ್ಣೆ, ಬೆಣ್ಣೆಯೇ ಊಟ. ಮೇಲಿಂದ ಮೇಲೆ ರಕ್ತ ಪರೀಕ್ಷೆ. ಸೆಪ್ಟೆಂಬರಿನಲ್ಲಿ ಶುರುಮಾಡಬಹುದು, ಕೆಲವು ಮಕ್ಕಳಿಗೆ ಫಿಟ್ಸ್ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ, ಎಂದರು. ಮಾತು ವಾಪಸ್ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಒಂದು ಷರತ್ತಿತ್ತು. ಮನೆಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

ಚಂದ್ರಮೋಹನ ಉಳಿದರೆ ಮಗನಿಗೆ ಆ ಒಂದು ದಾರಿ ಇತ್ತು. ಹೋದರೆ ಇಲ್ಲ. ಉಷಾಳಿಗೆ ಬೇಕಾಗಿದ್ದದ್ದು ಇಷ್ಟೇ.

ತೇಜಸ್ವಿಯನ್ನು ಯಾವ ಸಭೆಗೂ ಅವರು ಕರೆದೊಯ್ದವರಲ್ಲ. ಆದರೆ ಭಾನುವಾರಗಳಂದು ಅವನನ್ನು ನೋಡಿಕೊಳ್ಳುವ ಕಾಲೇಜು ಹುಡುಗಿಗೆ ಆ ದಿನ ಅಂಗಡಿಯಲ್ಲಿ ಶಿಫ್ಟು ಬಿತ್ತು. ನಾಲ್ವರೂ ಹೊರಟರು. ಹಾಲಿನ ಕೊನೆಯ ಸಾಲಿನಲ್ಲಿ ಉಷಾ ಮಗನನ್ನು ಒತ್ತಿಕೊಂಡು ಕೂತಳು. ಈಚೆ ಬದಿಗೆ ಹದಿಮೂರರ ಮಾನ್ಯಾ, ಕಿವಿಯಲ್ಲಿ ಇಯರ್‌ಫೋನು.

ಪರದೆಯ ಮೇಲೆ ಚಿತ್ರಗಳು ಬಂದವು. ಕೆಂಪು ಮಣ್ಣಿನ ರಸ್ತೆ, ಆಪರೇಷನ್ ಕೋಣೆ, ಜನರೇಟರು. ಆಮೇಲೆ ಆಸ್ಪತ್ರೆಯ ಉದ್ದನೆಯ ಜಗಲಿ, ಸಿಮೆಂಟಿನ ಬೆಂಚಿನ ಮೇಲೆ ಮಕ್ಕಳನ್ನು ಹೊತ್ತು ಕೂತ ತಾಯಂದಿರು. ಈ ಚಿತ್ರದ ಹತ್ತಿರ ಚಂದ್ರಮೋಹನ ತಡೆದು ನಿಂತ. ಹೇಳುತ್ತಾನೆ ಎಂದುಕೊಂಡಳು ಉಷಾ. ಅವನು ನೀರು ಕುಡಿದ. ಅವಳಿಗೆ ಆಗಲೇ ಗೊತ್ತಾಯಿತು, ಬರುವುದು ಆ ಕತೆಯೇ.

“ನಾವು ಹೋದಾಗ ಸಿಬ್ಬಂದಿಯ ಮಕ್ಕಳು ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಹೊರಗೆ ಕೂತ ತಾಯಂದಿರು ಅದನ್ನು ನೋಡುತ್ತಿದ್ದರು. ಮೊದಲನೇ ವಾರವೇ ನಾನು ಆ ಬಾಗಿಲಿಗೆ ಬೀಗ ಹಾಕಿಸಿದೆ. ಡಾಕ್ಟರ ಮಕ್ಕಳೂ ಸಾಲಿನಲ್ಲೇ ಕೂರಬೇಕು ಅಂದೆ. ಐದು ವರ್ಷದ ನಂತರ ಮಳೆಗಾಲದಲ್ಲಿ ನನ್ನ ಮಗನಿಗೆ ಜ್ವರ ಬಂತು. ಅವನ ಕೈಗೂ ಪಾಳಿಯ ನಂಬರಿನ ಒಂದು ತಗಡಿನ ಬಿಲ್ಲೆ ಕೊಟ್ಟೆವು. ನಾನು ಒಳಗೆ ಒಬ್ಬ ತಾಯಿಯ ಹೊಟ್ಟೆ ತೆರೆದಿದ್ದೆ. ನನ್ನ ಮಗ ಎಲ್ಲರ ಮಕ್ಕಳ ಹಾಗೆ ತನ್ನ ಪಾಳಿಗೆ ಕಾದ. ಮಲೇರಿಯಾ ಮಿದುಳಿಗೇರಿತ್ತು. ದೇವರು ಅವನ ಜೀವ ಉಳಿಸಿಕೊಟ್ಟ.”

ಬೇರೆ ಸಭೆಗಳಲ್ಲಿ ಇಲ್ಲಿಗೆ ಸಮಾಧಾನದ ನಿಟ್ಟುಸಿರು ಕೇಳುತ್ತಿತ್ತು. ಹುಡುಗ ಗುಣವಾದ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಇವತ್ತು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಹೆಲ್ಮೆಟ್ಟು ಹಾಕಿಕೊಂಡು, ಜೊಲ್ಲು ಸುರಿಸುತ್ತ, ಅಮ್ಮನ ದುಪಟ್ಟಾದ ಅಂಚನ್ನು ಅಗಿಯುತ್ತಿದ್ದ ಹುಡುಗನನ್ನು ಕಂಡರು. ಯಾರೋ ಬಿಕ್ಕಿದರು. ಹೊನ್ನಪ್ಪ ಎದ್ದು ಮೈಕು ಹಿಡಿದ. “ಇಂಥಾ ಮಂದೀನ ನಾವು ಕಳಸೇವಿ. ಕೈ ಬಿಡೂದಿಲ್ಲ ಡಾಕ್ಟರ. ಆಗಸ್ಟಿಗೆ ನೀವು ಹೊಂಡಾಗ ಇಡೀ ಕೂಟ ಏರ್‌ಪೋರ್ಟಿಗೆ ಬರ್ತೈತಿ. ಹೋಗ್ತೀರಲ್ಲ?”

ಚಂದ್ರಮೋಹನ ಕೊನೆಯ ಸಾಲಿನ ಕಡೆ ನೋಡಿದ. ಹೆಂಡತಿಯ ಮುಖಕ್ಕಿಂತ ಸ್ವಲ್ಪ ಮೇಲೆ, ಗೋಡೆಯನ್ನು.

“ಹೋಗ್ತೀವಿ,” ಅಂದ.

ಜನ ಎದ್ದುಬಂದು ತೇಜಸ್ವಿಯ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವನು ಹೆದರಿ ಕಿರುಚಿದ. ಅವರು ಇನ್ನಷ್ಟು ಜೋರಾಗಿ ಪ್ರಾರ್ಥಿಸಿದರು.

ಊಟಕ್ಕೆ ಚಿಕನ್ ಪಲಾವು, ಮೊಸರು ಬಜ್ಜಿ. ಹೊನ್ನಪ್ಪನ ಹೆಂಡತಿ ದ್ರಾಕ್ಷಾಯಿಣಿ ಉಷಾಳ ತಟ್ಟೆಗೆ ಬಡಿಸಿ ಅವಳ ಪಕ್ಕದಲ್ಲೇ ಕೂತರು.

“ನಿಮ್ಮಂಥಾಕಿನ್ನ ನಾ ಎಲ್ಲೂ ನೋಡಿಲ್ಲ. ನಾವಂತೂ ಕಾಸ್ಟ್‌ಕೋ ಅಂಗಡ್ಯಾಗ ಸ್ಯಾಂಪಲ್ ಕೊಡೂ ಲೈನಿನ್ಯಾಗೂ ಮುಂದ ನುಗ್ಗೂ ಮಂದಿ! ನಂದs ಕೂಸು ಆಗಿದ್ರ ಬಾಗಲಾ ಒದ್ದು ಒಳಗ ಹೋಗ್ತಿದ್ದೆ. ಎಲ್ಲಾರ ಮಕ್ಕಳಂಗs ನಮ್ಮ ಮಗಾನೂ ಅಂತ ನೀವು ಕುಂತ್ರಿ ನೋಡ್ರಿ...”

“ಇಟ್ ವಾಸಂಟ್ ಲೈಕ್ ದಟ್, ಆಂಟಿ,” ಅಂದಳು ಮಾನ್ಯಾ. ಇಯರ್‌ಫೋನು ಯಾವಾಗ ತೆಗೆದಿದ್ದಳೋ. “ರಿಯಲಿ ಸಿಕ್ ಕಿಡ್ಸ್ ಡೋಂಟ್ ವೇಟ್. ದಟ್ಸ್ ದ ರೂಲ್. ಅಮ್ಮ ಅವರನ್ನ ಮುಂದೆ ಕರೀತಾರೆ. ಶಿ ಕಾಲ್ಡ್ ಅದರ್ ಕಿಡ್ಸ್. ಶಿ ಡಿಡಂಟ್ ಕಾಲ್ ಹಿಮ್.”

“ಏನ್ ಅಂತಾಳವಾ ಈಕಿ?”

“ಹಿ ವಾಸ್ ಆನ್ ಮೈ ಲ್ಯಾಪ್,” ಅಂದಳು ಮಾನ್ಯಾ, ತಟ್ಟೆ ನೋಡುತ್ತ.

ದ್ರಾಕ್ಷಾಯಿಣಿ ಅವಳ ಗಲ್ಲ ಸವರಿ ನಕ್ಕರು. “ತಮ್ಮನ ಮ್ಯಾಲ ಎಷ್ಟು ಜೀವ ನೋಡು, ಪಾಪ.” ಎದ್ದು ಪಾಯಸ ತರಲು ಹೋದರು. ಎರಡು ಕುರ್ಚಿ ಆಚೆ ಕೂತಿದ್ದ ಚಂದ್ರಮೋಹನನ ಕೈ ತಟ್ಟೆಯಲ್ಲೇ ನಿಂತಿತ್ತು. ಅವನು ಕೇಳಿಸಿಕೊಂಡಿದ್ದ.

ಮಾನ್ಯಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಿಲ್ಲೆ ಇದ್ದದ್ದು ಸಾಧಾರಣ ಕಾಯಿಲೆಗಳಿಗೆ. ಸಾಲಿನ ತುದಿಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದ ನರ್ಸಿನ ಕೆಲಸವೇ ಆಗಾಗ ಎದ್ದು ಸಾಲನ್ನು ನೋಡಿಬರುವುದು. ಕೂರಲಾರದ ಮಗು, ಮೇಲುಸಿರು ಬಿಡುವ ಮಗು, ಕರೆದರೆ ಕಣ್ಣು ಬಿಡದ ಮಗು ಕಂಡರೆ ಬಿಲ್ಲೆ ಕೇಳದೆ ಒಳಗೆ ಕಳಿಸಬೇಕು. ಆ ದಿನ ಮೇಜಿನಲ್ಲಿದ್ದವಳು ಉಷಾ. ಅವಳು ಮಕ್ಕಳನ್ನು ಮುಂದೆ ಕರೆದಳು ಕೂಡ. ಅಕ್ಕನ ತೊಡೆಯ ಮೇಲೆ ಸೋತು ಮಲಗಿದ್ದ ತನ್ನ ಮಗನ ಉಸಿರನ್ನೂ ನೋಡಿದಳು. ಬೇರೆ ಯಾರ ಮಗುವಾಗಿದ್ದರೂ ಆ ಉಸಿರಿಗೆ ಒಳಗೆ ಕಳಿಸುತ್ತಿದ್ದಳು. ಆದರೆ ಪಕ್ಕದಲ್ಲಿ, ಕತ್ತಲಿರುವಾಗಲೇ ಹಳ್ಳಿಯಿಂದ ನಡೆದುಬಂದ ಹೆಂಗಸೊಬ್ಬಳು ಅವಳನ್ನೇ ನೋಡುತ್ತಿದ್ದಳು. ಇನ್ನೊಬ್ಬರು ಆಗಲಿ, ಆಮೇಲೆ ಕರೆಯುತ್ತೇನೆ ಎಂದುಕೊಂಡಳು ಉಷಾ. ಒಬ್ಬರಾದ ಮೇಲೆ ಇನ್ನೊಬ್ಬರು ಎಂದುಕೊಂಡಳು. ಮಾನ್ಯಾ ಕೂಗಿಕೊಂಡಾಗ ಅವನ ಕಣ್ಣು ಮೇಲಾಗಿ ಕೈಕಾಲು ಸೆಟೆದಿದ್ದವು.

ಆ ತಡದಿಂದ ಆದದ್ದೆಷ್ಟು, ರೋಗದಿಂದಲೇ ಆದದ್ದೆಷ್ಟು ಎಂದು ಯಾವ ಸ್ಕ್ಯಾನೂ ಹೇಳುವುದಿಲ್ಲ. ಬೇಗ ಇಂಜೆಕ್ಷನ್ ಬಿದ್ದ ಮಕ್ಕಳೂ ಹೀಗಾಗುತ್ತಾರೆ. ಇದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ಚಂದ್ರಮೋಹನ ಇವತ್ತಿನವರೆಗೆ ಅವಳನ್ನು ಒಂದು ಮಾತು ಅಂದವನಲ್ಲ. ಬದಲಿಗೆ ಆ ಕತೆ ಕಟ್ಟಿದ. ಕತೆಯಲ್ಲಿ ಸಾಲು ಇತ್ತು, ಬಿಲ್ಲೆ ಇತ್ತು, ಮೇಜು ಇರಲಿಲ್ಲ.

ಕಾರು 401 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟ ಮೇಲೆ ಉಷಾ ಬಾಯಿಬಿಟ್ಟಳು. ಅವಳು ಹಿಂದಿನ ಸೀಟಿನಲ್ಲಿ ಮಗನ ಪಕ್ಕದಲ್ಲಿದ್ದಳು, ಮಾನ್ಯಾ ಮುಂದೆ.

“ಹೇಳ್ತೀನಿ ಅಂದಿದ್ರಿ.”

“ಅಂದಿದ್ದೆ.”

“ಮತ್ತೆ?”

“ಏನಂತ ಹೇಳ್ಲಿ? ಅಷ್ಟು ಮಂದಿ ಅಳಾಕತ್ತಿದ್ರು.”

“ಅವರು ಅಳ್ತಾರೆ, ಮನೆಗೆ ಹೋಗ್ತಾರೆ. ಸೆಪ್ಟೆಂಬರಿಗೆ ಇವನಿಗೆ ಏನ್ರೀ ಗತಿ?”

ಅವನು ಲೇನು ಬದಲಿಸಿದ. “ಅಲ್ಲಿ ಈಗ ಡಾಕ್ಟರ್ ಅನ್ನಾಂವ ಒಬ್ಬನೂ ಇಲ್ಲ. ಮೊನ್ನೆ ಹೆರಿಗಿ ಆಗಲಾರದ ಇಬ್ಬರು ಹೋದ್ರಂತ.”

“ನಂಗೊತ್ತು.”

“ಅದಷ್ಟs ಅಲ್ಲ ಉಷಾ. ನಾ ಅಲ್ಲಿಗೆ ವಾಪಸ್ ಹೋಗಲಿಲ್ಲಂದ್ರ ಆ ಸಾಲು ಯಾಕ ಇತ್ತು? ಇವನ್ನ ಅದರಾಗ ಯಾಕ ಕುಂದ್ರಿಸಿದ್ವಿ? ಅದನ್ನ ನಾ ದಿನಾ ಇಲ್ಲೆ ಕುಂತು ಕೇಳ್ಕೋಬೇಕಾ? ನೀ ಮಕ್ಕಳನ್ನ ಕರಕೊಂಡು ಇಲ್ಲೇ ಇರು. ನಾ ಬ್ಯಾಡ ಅನ್ನಂಗಿಲ್ಲ. ನನಗ ಇರಾಕ ಆಗಂಗಿಲ್ಲ.”

“ಒಬ್ಬಳ ಕೈಲಿ ಆಗಲ್ಲ ಅಂತ ಅವರೇ ಹೇಳಿದಾರೆ.”

“ಗೊತ್ತು.”

ಮಾನ್ಯಾ ಕಿಟಕಿಯ ಆಚೆ ನೋಡುತ್ತಿದ್ದಳು. ಉಷಾ ಅವನ ಮೇಲೆ ಕೂಗಾಡಬಹುದಿತ್ತು. ಆದರೆ ಕೂಗಾಡಿದರೆ ಅವನು ಮೇಜಿನ ಮಾತೆತ್ತುತ್ತಾನೇನೋ ಎಂದು ಹೆದರಿದಳು. ಎತ್ತುವವನಲ್ಲ ಎಂದು ತಿಳಿದೂ ಹೆದರಿದಳು. ಆಗ ಅವಳ ತೋಳಿಗೆ ಆನಿಕೊಂಡಿದ್ದ ತೇಜಸ್ವಿಯ ತಲೆ ಒಂದು ಕಡೆಗೆ ಜಗ್ಗಿತು.

ಅವಳು ಅವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಳು. ಮಾನ್ಯಾ ಕೇಳದೆಯೇ ಗಡಿಯಾರ ನೋಡತೊಡಗಿದಳು. ಐದು ನಿಮಿಷಕ್ಕೂ ನಿಲ್ಲದಿದ್ದಾಗ ಉಷಾ ಮೂಗಿಗೆ ಬಿಡುವ ಔಷಧ ಬಿಟ್ಟಳು. ಆಗಲೂ ನಿಲ್ಲಲಿಲ್ಲ. “ಮುಂದಿನ ಎಕ್ಸಿಟ್ಟಲ್ಲಿ ಹಾಸ್ಪಿಟಲ್ ಇದೆ ಅಪ್ಪಾ, ಜಸ್ಟ್ ಗೋ,” ಎಂದು ಮಾನ್ಯಾ ಕಿರುಚಿದಳು.

ಎಮರ್ಜೆನ್ಸಿಯ ಕೋಣೆ ಕಿಕ್ಕಿರಿದಿತ್ತು. ಕೈ ಮುರಿದವರು, ಕೆಮ್ಮುವ ಮುದುಕರು, ಮಗುವನ್ನು ಭುಜಕ್ಕೆ ಹಾಕಿಕೊಂಡು ಅತ್ತಿಂದಿತ್ತ ನಡೆಯುವ ತಂದೆಯರು. ಎಲ್ಲರ ಮುಖದಲ್ಲೂ ಬಹಳ ಹೊತ್ತು ಕಾದವರ ಬೇಸರ. ಮಗನನ್ನು ಎತ್ತಿಕೊಂಡು ಒಳಬಂದ ಚಂದ್ರಮೋಹನನನ್ನು ಮೇಜಿನ ಹಿಂದಿದ್ದ ನರ್ಸು ತಲೆಯೆತ್ತಿ ಒಮ್ಮೆ ನೋಡಿದಳು. ಹೆಸರು ಕೇಳಲಿಲ್ಲ. ಎದ್ದುಬಂದು ದೊಡ್ಡ ಬಾಗಿಲನ್ನು ತಾನೇ ತಳ್ಳಿ ಹಿಡಿದಳು. ಕೂತವರು ಕಾಲು ಮಡಚಿ ದಾರಿ ಬಿಟ್ಟರು. ಒಬ್ಬ ಮುದುಕ ಎದ್ದು ನಿಂತ.

ಇಷ್ಟೇ ಇದ್ದದ್ದು ಎನಿಸಿತು ಉಷಾಳಿಗೆ. ಬಾಗಿಲು ತಳ್ಳುವುದು. ಲುವೇಜಿಯ ಸಾಲಿನ ಆ ಹಳ್ಳಿಯ ಹೆಂಗಸೂ ಬಹುಶಃ ಕಾಲು ಮಡಚಿ ದಾರಿ ಬಿಡುತ್ತಿದ್ದಳು.

ಒಳಗೆ ಸೂಜಿ ಚುಚ್ಚಿದ ಮೇಲೆ ತೇಜಸ್ವಿಯ ಮೈ ಸಡಿಲಾಯಿತು. ಚಂದ್ರಮೋಹನ ಕಾರು ಸರಿಯಾಗಿ ನಿಲ್ಲಿಸಿ ಬರಲು ಹೋದ. ಹಸಿರು ಅಂಗಿಯ ಎಳೆಯ ವಯಸ್ಸಿನ ಡಾಕ್ಟರೊಬ್ಬಳು ಕಂಪ್ಯೂಟರಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಕೇಳತೊಡಗಿದಳು. ಯಾವ ಔಷಧ, ಎಷ್ಟು ಹೊತ್ತು, ಹುಟ್ಟಿನಿಂದ ಹೀಗೇನಾ?

ಅಲ್ಲ, ನಾಲ್ಕು ವರ್ಷದವನಿದ್ದಾಗಿನಿಂದ, ಎಂದಳು ಉಷಾ. ಜಾಂಬಿಯಾದಲ್ಲಿದ್ದೆವು. ಮಲೇರಿಯಾ ಮಿದುಳಿಗೆ ಏರಿತು. ಚಿಕಿತ್ಸೆ ತಡವಾಯಿತು.

ಡಾಕ್ಟರ್ ಟೈಪು ಮಾಡುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದಳು. ಕಣ್ಣಲ್ಲಿ ಕರುಣೆಯಿತ್ತು.

“ಐ ಆಮ್ ಸೋ ಸಾರಿ. ವಾಸ್ ದ ಹಾಸ್ಪಿಟಲ್ ಫಾರ್ ಅವೇ?”

ಪರದೆಯ ಆಚೆ ಯಾವುದೋ ಯಂತ್ರ ಕೂಗಿ ಸುಮ್ಮನಾಯಿತು. ಉಷಾ ಮಗನ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿದಳು. ಗಲ್ಲದ ಕೆಳಗೆ ಕೆಂಪು ಬರೆ ಎದ್ದಿತ್ತು.

“ಎಸ್,” ಅಂದಳು. “ವೆರಿ ಫಾರ್.”

ಮಂಚದ ಕಾಲ ಬಳಿ ಔಷಧದ ಬ್ಯಾಗು ಹಿಡಿದು ನಿಂತಿದ್ದ ಮಾನ್ಯಾ ತಲೆ ತಗ್ಗಿಸಿ ತನ್ನ ಕೈ ನೋಡಿಕೊಂಡಳು.