ಮೇಲಿನ ಮಹಡಿಯ ಕ್ಯಾಲಿಪರ್

ನಾನು ಒಂದು ಕ್ಯಾಲಿಪರ್. ಪೋಲಿಯೊ ಬಡಿದ ಕಾಲು ನೆಟ್ಟಗೆ ನಿಲ್ಲಲೆಂದು ತೊಡೆಯಿಂದ ಪಾದದವರೆಗೆ ಕಟ್ಟುವ ಸಾಧನ. ಹುಬ್ಬಳ್ಳಿಯ ವರ್ಕ್‌ಶಾಪೊಂದರಲ್ಲಿ ಕಬ್ಬಿಣದ ಸರಳು, ತೊಗಲಿನ ಪಟ್ಟಿ, ದಪ್ಪ ಅಟ್ಟೆಯ ಬೂಟು ಸೇರಿ ನಾನಾದೆ. ಗದಗಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಲಿದ್ದ ಕಸ್ತೂರಿ ಬಡಿಗೇರ ನನ್ನ ಒಡತಿ. ಮೊದಲ ಸಲ ನನ್ನನ್ನು ಕಟ್ಟಿಕೊಂಡು ನಿಂತವಳೇ ಸೀರೆಯ ನೆರಿಗೆ ಇಳಿಬಿಟ್ಟು ನನ್ನನ್ನು ಮುಚ್ಚಿದಳು.

ಕೆಲಸಕ್ಕೆ ಸೇರಿದ ದಿನ ಹೆಡ್‌ಮಾಸ್ತರ ಹಂಚಿನಾಳರು ಹೇಳಿದರು: "ನಿಮ್ಮನ್ನ ನೋಡೇ ಮುಂದ ನಿಮ್ಮಂಥೋರನ್ನ ತಗೋಬೇಕೋ ಬ್ಯಾಡೋ ಅಂತ ಕಮಿಟಿಯವರು ವಿಚಾರ ಮಾಡ್ತಾರ."

ಆ ಮಾತು ಅವಳೊಳಗೆ ಕೂತುಬಿಟ್ಟಿತು. ಕ್ಲಾಸು ಮೇಲಿನ ಮಹಡಿಯಲ್ಲಿ ಕೊಟ್ಟರೂ ತಕರಾರು ಮಾಡಲಿಲ್ಲ. ಜ್ವರ ಬಂದರೂ ರಜೆ ಹಾಕಲಿಲ್ಲ. ಮೆಟ್ಟಿಲು ಹತ್ತಿಹತ್ತಿ ನನ್ನ ಪಟ್ಟಿ ಅವಳ ತೊಡೆಯನ್ನು ಕೆರೆದು ಗಾಯ ಮಾಡಿತ್ತು. ಬಿಚ್ಚುವಾಗ ಅವಳ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಒಂದ್ ದಿನ ಮನ್ಯಾಗ ಕುಂದರವ್ವ."

"ನಾ ಕುಂತ್ರ ನಾ ಒಬ್ಬಾಕಿ ಕುಂತಂಗಲ್ಲವ್ವ. ಕುಂಟರೆಲ್ಲಾ ಹಿಂಗ ಅಂತಾರ."

ಅವಳ ಕ್ಲಾಸಿನ ಮಕ್ಕಳೆಲ್ಲ ಗಣಿತದಲ್ಲಿ ಪಾಸಾದ ವರ್ಷ ಶಾಲು ಹೊದಿಸಿ ಸನ್ಮಾನ ಮಾಡಿದರು. ಫೋಟೋದವನು, "ಸೀರಿ ಸ್ವಲ್ಪ ಎತ್ರಿ ಮೇಡಂ, ಕ್ಯಾಲಿಪರ್ ಕಾಣ್ಲಿ" ಎಂದ. ತುಂಬಿದ ಸಭೆಯ ಮುಂದೆ ಕಸ್ತೂರಿ ಸೀರೆ ಎತ್ತಿದಳು. ಫೋಟೋ ಮುಗಿದೊಡನೆ ನೆರಿಗೆ ಇಳಿಬಿಟ್ಟು ನನ್ನನ್ನು ಮತ್ತೆ ಮುಚ್ಚಿದಳು.

ಆಮೇಲೆ ಟೀಚರಾಗಿ ಬಂದವಳು ಜುಬೇದಾ. ಎರಡೂ ಕಂಕುಳಲ್ಲಿ ಊರುಗೋಲು. ಕೆಳಗಿನ ಮಹಡಿಯಲ್ಲಿ ಕ್ಲಾಸು ಕೊಡಿ ಎಂದು ಕೇಳಿದಾಗ ಹಂಚಿನಾಳರು ಅಲ್ಲೇ ಇದ್ದ ಕಸ್ತೂರಿಯತ್ತ ಕೈ ಮಾಡಿದರು.

"ಇವರು ಇಷ್ಟು ವರ್ಷ ಹತ್ತತಾರ. ಒಂದಿನಾ ಬಾಯಿ ಬಿಟ್ಟಿಲ್ಲ. ನಿಮಗೇನಾಗೇತ್ರಿ?"

ಕಸ್ತೂರಿ ತಲೆ ತಗ್ಗಿಸಿ ಜುಬೇದಾಗೆ, "ರೂಢಿ ಆಗ್ತದ" ಎಂದಳು.

"ನಿಮಗ ಆತೇನ್ರಿ ಅಕ್ಕಾರ?"

ಕಸ್ತೂರಿ ಗೋಡೆ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ದಸರಾ ರಜೆಯ ನಂತರ ಜುಬೇದಾ ಬರಲಿಲ್ಲ, ಅವಳ ರಾಜೀನಾಮೆ ಬಂತು. "ಎಲ್ಲಾರೂ ನಿಮ್ಮಂಗ ಇರೂದಿಲ್ಲ ಬಿಡ್ರಿ" ಎಂದು ಹಂಚಿನಾಳರು ಕಸ್ತೂರಿಯನ್ನು ಹೊಗಳಿದರು. ಅಂದು ಸಂಜೆ ಅವಳು ನನ್ನನ್ನು ಬಿಚ್ಚಿ ಗೋಡೆಗೆ ಎಸೆದಳು.

ಗಾಲಿಕುರ್ಚಿ ಕೊಂಡಳು. ಮೆಟ್ಟಿಲ ಬುಡದಲ್ಲಿ ಕುಳಿತು, "ಇನ್ನ ನಾ ಹತ್ತಂಗಿಲ್ರಿ. ಕ್ಲಾಸು ಕೆಳಗ ಹಾಕ್ರಿ" ಎಂದಳಂತೆ. ಕ್ಲಾಸು ಕೆಳಗೆ ಬಂತು. ಜತೆಗೆ, "ಕಡೀಕ ಇವರೂ ಕುಂತ್ರು ನೋಡ್ರಿ" ಎಂಬ ಮಾತೂ ಬಂತು.

ಶಾಲೆಯ ಬೆಳ್ಳಿಹಬ್ಬಕ್ಕೆ ಪ್ರದರ್ಶನಕ್ಕಿಡಲು ಕಮಿಟಿಯವರು ನನ್ನನ್ನು ಕೇಳಿದರು. "ಒಯ್ರಿ" ಎಂದಳು, ನನ್ನತ್ತ ನೋಡದೆ. ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ, ಅದೇ ಮೇಲಿನ ಮಹಡಿಯಲ್ಲಿ. ಕೆಳಗೆ ಚಿನ್ನದ ಬಣ್ಣದಲ್ಲಿ 'ಛಲಕ್ಕೆ ಸೋಲಿಲ್ಲ' ಎಂದು ಬರೆಸಿದ್ದಾರೆ. ಉದ್ಘಾಟನೆಯ ದಿನ ಕಸ್ತೂರಿ ಅಂಗಳದಲ್ಲೇ ಉಳಿದು ಮೇಲಿನ ಚಪ್ಪಾಳೆ ಕೇಳಿಸಿಕೊಂಡಳು.

ಮಕ್ಕಳು ಗಾಜಿಗೆ ಮೂಗು ಒತ್ತಿ ನನ್ನನ್ನು ನೋಡುತ್ತಾರೆ. ನಾನು ಸ್ಫೂರ್ತಿಯಂತೆ. ಯಾರಿಗೋ ನನಗೆ ತಿಳಿಯದು. ಜುಬೇದಾ ಹೋದ ಮೇಲೆ ಈ ಶಾಲೆ ಊರುಗೋಲಿನವರನ್ನು ಯಾರನ್ನೂ ತೆಗೆದುಕೊಂಡಿಲ್ಲ.